ಹಗೇವಿನ ಬಾಯಿ

ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸಬೇಕು. ಉದಗೀರಿನ ಸುತ್ತಮುತ್ತ ಇದು ಕೂಸಿಗೂ ಗೊತ್ತು. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಮನೆಯಷ್ಟು. ಜೋಳ ಸುರಿದು, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಒಳಗಿನ ಗಾಳಿ ಸಾಯುತ್ತದೆ. ಸತ್ತ ಗಾಳಿ ಕಣ್ಣಿಗೆ ಕಾಣದು, ದೀಪಕ್ಕೆ ತಿಳಿಯುತ್ತದೆ. ದೀಪ ಆರಿತೋ, ಕಂಬಳಿ ಬೀಸಿ ಗಾಳಿ ಆಡಿಸಬೇಕು. ಕಾಯಬೇಕು. ಮತ್ತೆ ಇಳಿಸಬೇಕು. ಉರಿದರೆ ಮನುಷ್ಯ ಇಳಿಯಬಹುದು.

ಘಾಳೆಪ್ಪ ಇಳಿದ ದಿನ ಮನ್ಮಥಪ್ಪ ಸಾವಕಾರ ದೀಪ ಇಳಿಸಲು ಬಿಡಲಿಲ್ಲ.

ದೇವಣಿಯ ಗಾಡಿಗಳು ಅಂಗಳದಲ್ಲಿ ಜೋಳಕ್ಕಾಗಿ ಕಾದು ನಿಂತಿದ್ದವು. ಘಾಳೆಪ್ಪ ಹಣತೆಗೆ ಬತ್ತಿ ಹೊಸೆಯುತ್ತ ಕೂತಿದ್ದ. ಸಾವಕಾರ ಜೋಡು ಮೆಟ್ಟಿದ ಕಾಲಿನಿಂದಲೇ ಹಣತೆಯನ್ನು ಒದ್ದ.

"ಹೊತ್ತು ಏರಲತ್ತದ. ದೀಪಾ ಗೀಪಾ ಅಂತ ಆಟ ಹಚ್ಚೀಯೇನಲೇ? ಇಳಿ!"

ಘಾಳೆಪ್ಪ ಇಳಿದ. ಒಂದು ಸಲ ಕೂಗಿದ. ಆಮೇಲೆ ಹಗ್ಗ ಸಡಿಲವಾಯಿತು. ಮೇಲೆತ್ತಿದಾಗ ಅವನ ತುಟಿ ಕಪ್ಪಾಗಿತ್ತು, ಬಾಯೊಳಗೆ ಜೋಳದ ಕಾಳು ಮೆತ್ತಿಕೊಂಡಿದ್ದವು. ಹೆಂಡತಿ ಬಂಡಮ್ಮ ತನ್ನ ಬೆರಳಿನಿಂದ ಆ ಕಾಳುಗಳನ್ನು ತೆಗೆದಳು. ಸಾವಕಾರ ದೂರದಿಂದಲೇ ಹೆಣದ ಮೇಲೆ ಒಂದು ತುಂಡು ಬಿಳಿ ಬಟ್ಟೆ ಎಸೆಸಿ, "ಅವನ ಅನ್ನದ ಋಣ ಮುಗೀತು" ಎಂದ. ಅವತ್ತೇ ಇನ್ನೊಬ್ಬನನ್ನು ಇಳಿಸಿ ಗಾಡಿ ತುಂಬಿಸಿದ. ಆ ಸಲ ದೀಪ ಇಳಿಸಲು ಬಿಟ್ಟ.

ಬಂಡಮ್ಮ ಅತ್ತಳು. ನಂತರ ಅದೇ ಸಾವಕಾರನ ಜಿನ್ನಿಗೇ ಕೂಲಿಗೆ ಹೋದಳು. ಹತ್ತಿಯಿಂದ ಬೀಜ ಬಿಡಿಸುವ ಆ ಕಾರ್ಖಾನೆ ಬಿಟ್ಟರೆ ಹೊಲಗೇರಿಯ ಹೆಂಗಸರಿಗೆ ಉದಗೀರಿನಲ್ಲಿ ಬೇರೆ ಕೆಲಸ ಎಲ್ಲಿತ್ತು? ಮನೆಯಲ್ಲಿ ಘಾಳೆಪ್ಪನ ತಾಯಿ ಇದ್ದಳು. ಮುದುಕಿ ಹಸಿವಾದಾಗ ಮಗನ ಹೆಸರು ಹಿಡಿದು ಕರೆಯುತ್ತಿದ್ದಳು.

ಜಿನ್ನಿನ ಕೆಲಸ ಎಂದರೆ ದಿನವೆಲ್ಲ ನಿಂತೇ ಇರಬೇಕು. ಎದುರಿಗೆ ಉರುಳೆ ತಿರುಗುತ್ತದೆ. ಅದರ ಬಾಯಿಗೆ ಹತ್ತಿ ತುರುಕುತ್ತಲೇ ಇರಬೇಕು. ಕೈ ತಡವಾದರೆ ಲೆಕ್ಕ ಬರೆಯುವ ಮುನೀಮ ಬಯ್ಯುತ್ತಾನೆ, ಮುಂದಾದರೆ ಉರುಳೆ ಕಚ್ಚುತ್ತದೆ. ಬಂಡಮ್ಮನ ಪಕ್ಕದಲ್ಲಿ ನಿಲ್ಲುವ ಶೇವಂತಾಬಾಯಿಯ ತೋರುಬೆರಳಿನ ತುದಿ ಹಾಗೆಯೇ ಹೋಗಿತ್ತು. "ಸಾವಕಾರನ ಹತ್ತಿಯಾಗ ನನ್ನ ಬೆರಳೂ ಮುಂಬಯಿಗಿ ಹೋಯ್ತವ್ವಾ, ನಾ ಇನ್ನಾ ಇಲ್ಲೇ ಇದ್ದೀನಿ" ಎಂದು ಅವಳು ತಾನೇ ನಗುತ್ತಿದ್ದಳು. ಮೂಗಿನಲ್ಲಿ ಹತ್ತಿ, ಗಂಟಲಲ್ಲಿ ಹತ್ತಿ. ಕೆಮ್ಮಿದರೆ ಬಿಳಿಯ ಎಳೆ ಬರುತ್ತಿತ್ತು. ನೀರಡಿಸಿದರೆ ಹೌದಿನ, ಅಂದರೆ ನೀರಿನ ತೊಟ್ಟಿಯ, ಹತ್ತಿರ ಹೋಗುವಂತಿರಲಿಲ್ಲ. ಯಾರಾದರೂ ಬಂದು ಮೇಲಿಂದ ಸುರಿಯುವವರೆಗೆ ಬೊಗಸೆ ಒಡ್ಡಿ ನಿಲ್ಲಬೇಕು. ಅದೇ ಹೌದಿನ ನೀರೇ ಇಂಜಿನ್ನಿಗೂ ಹೋಗುತ್ತಿತ್ತು. ಇಂಜಿನ್ನಿಗೆ ಮೈಲಿಗೆ ಇರಲಿಲ್ಲ.

ಸಂಜೆ ಕೂಲಿ ಜೋಳದಲ್ಲಿ ಸಿಗುತ್ತಿತ್ತು. ಜೊತೆಗೆ ಮುಷ್ಟಿಯ ಪದ್ಧತಿಯೂ ಇತ್ತು. ಅದನ್ನು ಹಾಕಿಕೊಟ್ಟವನು ಸಾವಕಾರನೇ. ಹಿಂದಿನ ಮಳೆಗಾಲದಲ್ಲಿ ಜಿನ್ನು ಮುಚ್ಚಿದಾಗ ಹೆಂಗಸರೆಲ್ಲ ಉಮರ್ಗಾದ ಕಡೆ ರಸ್ತೆಯ ಖಡಿ ಕಲ್ಲು ಒಡೆಯಲು ಹೋಗಿಬಿಟ್ಟಿದ್ದರು. ಹೊಸ ಹತ್ತಿ ಬಂದು ಬಿದ್ದಾಗ ಪಳಗಿದ ಕೈಗಳೇ ಇಲ್ಲ. ಹೊಸಬರು ಉರುಳೆ ಮುರಿದರು, ಹತ್ತಿ ಕೆಡಿಸಿದರು. ಆಗ ಸಾವಕಾರನಿಗೆ ಬುದ್ಧಿ ಬಂತು. ಹಣೆಗೆ ವಿಭೂತಿ ಬಳಿದುಕೊಂಡು, ಕೊರಳಿನ ಲಿಂಗದ ಮೇಲೆ ಕೈಯಿಟ್ಟು, ಜಿನ್ನಿನ ಬಾಗಿಲಲ್ಲಿ ನಿಂತು ಹೇಳಿದ.

"ದಿನಾ ಕೂಲಿಯಾಗಿಂದು ಒಂದು ಮುಷ್ಟಿ ಈ ಬುಟ್ಟಿಗಿ ಹಾಕ್ರಿ. ನನ್ನ ಹಗೇವಿನಾಗ ಇಡ್ತೀನಿ. ಕೆಲಸ ಇಲ್ಲದ ದಿನಾ ಹಗೇವು ತೆಗೀತೀನಿ, ನಿಮ್ಮ ಉಡಿ ತುಂಬ್ತೀನಿ. ಊರು ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಇದು ಲಿಂಗದ ಆಣಿ."

ಹೆಂಗಸರು ಹಾಕಿದರು. ಜ್ವರ ಬಂದ ದಿನವೂ ಹಾಕಿದರು. ಹೆತ್ತು ಎದ್ದು ಬಂದವಳೂ ಹಾಕಿದಳು. ಬುಟ್ಟಿ ಮುಟ್ಟದೆ ಮೇಲಿಂದ ಸುರಿಯಬೇಕಿತ್ತು. ಬುಟ್ಟಿಗೆ ಮೈಲಿಗೆ ಇತ್ತು, ಒಳಗೆ ಬಿದ್ದ ಜೋಳಕ್ಕೆ ಇರಲಿಲ್ಲ.

ಮರುವರ್ಷ, ಹತ್ತಿಯ ಹಂಗಾಮು ಭರದಲ್ಲಿದ್ದಾಗ, ಇಂಜಿನ್ನು ನಿಂತಿತು. ಮುಂಬಯಿಯಲ್ಲಿ ದರ ಬಿದ್ದಿದೆಯಂತೆ. ವಿಲಾಯತಿಯ ಗಿರಣಿಗಳು ನಿಂತಿವೆಯಂತೆ. ಬಂಡಮ್ಮ ಮುಂಬಯಿಯನ್ನೂ ನೋಡಿರಲಿಲ್ಲ, ವಿಲಾಯತಿಯನ್ನೂ ನೋಡಿರಲಿಲ್ಲ. ಅಲ್ಲಿ ಯಾರದೋ ಕೈ ಸುಮ್ಮನಾದರೆ ಇಲ್ಲಿ ತನ್ನ ಒಲೆ ಯಾಕೆ ಆರಬೇಕೆಂದು ಅವಳಿಗೆ ತಿಳಿಯಲಿಲ್ಲ. ಇಂಜಿನ್ ನೋಡಿಕೊಳ್ಳುವ ಡ್ರೈವರನನ್ನೂ ಸಾವಕಾರ ಬಿಡಿಸಿದ. ಬಾಗಿಲಿಗೆ ಬೀಗ ಬಿತ್ತು.

ಹೆಂಗಸರು ಸಾವಕಾರನ ಮನೆಯ ಮುಂದೆ ನಿಂತರು.

"ಹಗೇವು ತೆಗೀರಿ ಸಾವಕಾರ್ರ" ಎಂದಳು ಬಂಡಮ್ಮ.

ಸಾವಕಾರ ಮೇಲಿನ ಕಟ್ಟೆಯಲ್ಲಿ ತಂಬಾಕು ತಿಕ್ಕುತ್ತಿದ್ದ. "ಯಾಕ?"

"ಕೆಲಸ ಇಲ್ಲದ ದಿನಾ ತೆಗೀತೀನಿ ಅಂದಿದ್ರಿ."

"ಮಳೀಗಾಲಕ್ಕ ಅಂದಿದ್ದೆ. ಈಗ ಮಳಿ ಅದೇನು?"

ಮುನೀಮ ವಿಶ್ವನಾಥಪ್ಪ ಕಿಸಕ್ಕನೆ ನಕ್ಕ. ಸಾವಕಾರ ಎದ್ದು ನಿಂತ.

"ನನಗ ನುಕ್ಸಾನ ಆಗ್ಯಾದ. ನಿಮಗ ಹ್ಯಾಂಗ ಕೊಡ್ಲಿ? ಹಗೇವು ನಂದು. ಹಗೇವಿನಾಗಿಂದೂ ನಂದೇ. ನಿಮ್ಮ ಜೋಳ ಯಾವುದು, ನನ್ನ ಜೋಳ ಯಾವುದು, ಹೆಸರು ಬರದದೇನು ಕಾಳಿನ ಮ್ಯಾಲ?" ಆಮೇಲೆ ಒಳಗಿಂದ ಒಂದು ಮೊರ ತರಿಸಿದ. "ಧರ್ಮಕ್ಕ ಕೊಡ್ತೀನಿ, ತಗೋರಿ" ಎಂದು ಮೊರದ ಜೋಳವನ್ನು ಬೀದಿಯ ಧೂಳಿಗೆ ಎರಚಿದ. ಕೋಳಿಗಳು ಓಡಿ ಬಂದವು.

ಮೊದಲು ಬಗ್ಗಿದವಳು ಬಂಡಮ್ಮನ ಅತ್ತೆ. ಮುದುಕಿ ಕೋಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಕಾಳು ಕಾಳು ಆರಿಸಿದಳು. ಅವಳ ಮಗನನ್ನು ಕೊಂದವನು ಮೇಲೆ ನಿಂತು ನೋಡುತ್ತಿದ್ದ. ಒಂದು ಹುಂಜ ಅವಳ ಕೈಗೆ ಕುಕ್ಕಿತು. ಮುನೀಮ ಮತ್ತೆ ನಕ್ಕ.

ಬಂಡಮ್ಮನೂ ಬಗ್ಗಿದಳು. ಮೊಣಕಾಲು ತಾನಾಗಿ ಮಡಚಿತು, ಕೈ ತಾನಾಗಿ ಚಾಚಿತು. ಆಮೇಲೆ ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಆ ಧೂಳು ಇದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು.

ತಹಸೀಲ ಕಚೇರಿಗೆ ಹೋದರು. ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತರು. ನಿಜಾಮ ಸರ್ಕಾರದ ತಹಸೀಲದಾರ ಹೈದರಾಬಾದಿನ ಕಡೆಯವನು. ಉರ್ದು, ಮರಾಠಿ, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದ. ಕೆಟ್ಟವನಲ್ಲ. ಅವತ್ತು ಅವನ ಊಟ ಆಗಿತ್ತು, ಅಷ್ಟೇ.

"ಸಾವಕಾರ ತನ್ನ ಖುಷಿಲಿ ಕೊಟ್ಟ ಮಾತು. ಸರ್ಕಾರದ ಕಾಯದಾ ಅಲ್ಲ. ಸರ್ಕಾರ್-ಎ-ಆಲಿ ಏನು ಮಾಡೋದು?"

"ಕಾಯದಾ ಮಾಡೋದು" ಎಂದಳು ಬಂಡಮ್ಮ.

ಕಚೇರಿಯವರೆಲ್ಲ ತಲೆ ಎತ್ತಿದರು.

"ಕ್ಯಾ ಬಾತ್ ಹೈ! ಕೂತವ್ರಿಗಿ ಕೂಳು ಹಾಕೋ ಕಾಯದಾ? ಹಂಗ ಹಾಕಿದ್ರ ದುಡಿಯೋರು ಯಾರು ಬಾಯಿ?"

"ನಾವು ಕೆಲಸ ಬಿಟ್ಟಿಲ್ಲ ಸಾಹೇಬ್ರ. ಕೆಲಸಾ ನಮ್ಮನ್ನ ಬಿಟ್ಟದ. ಬಾಗಿಲ ತೆಗಸ್ರಿ, ಈಗಿಂದೀಗ ಹೋಗಿ ಉರುಳಿ ಮುಂದ ನಿಂದರ್ತೀವಿ." ಜನರ ಮುಂದೆ ಅವಳು ಹೀಗೆ ಎಂದೂ ಮಾತಾಡಿದವಳಲ್ಲ. "ನಮ್ಮ ಕೇರಿಯಾಗ ಒಬ್ಬಾಕಿ ಒಲಿ ಆರಿತಂದ್ರ ಮಗ್ಗಲ ಮನೀಗಿ ಹೋಗಿ ಕೆಂಡ ತರ್ತಾಳ. ಜಿನ್ನು ನಿಂತ್ರ ಹಂಗಲ್ಲರೀ. ಎಲ್ಲಾರ ಒಲಿನೂ ಒಮ್ಮೆಲೇ ಆರ್ತಾವ. ಯಾರ ಮನೀಗಿ ಹೋಗೋದು? ಕೆಂಡ ಉಳಿಯೋದು ಸರ್ಕಾರದ ಮನ್ಯಾಗಷ್ಟೇ. ಅದಕ್ಕ ಬಂದೀವಿ."

"ನಿಮ್ಮ ಮುಷ್ಟಿ ಸಾವಕಾರನ ಹತ್ರ ಇದೆ ಅಲ್ಲಾ?"

"ಅಲ್ಲೇ ತಪ್ಪಿದ್ದು. ಇಂಜಿನ್ ನಿಂದರಸೋನೂ ಅಂವನೇ, ಹಗೇವು ಮುಚ್ಚೋನೂ ಅಂವನೇ. ನಮಗ ಜೋಳ ಬೇಕಾದ ದಿನಾನೇ ಅಂವಗ ನುಕ್ಸಾನ ಆಗಿರ್ತದ. ಅಂಥವನ ಕೈಯಾಗ ಹಗೇವು ಇರಬಾರದು ಸಾಹೇಬ್ರ. ನಿಮ್ಮ ಕೈಯಾಗ ಇರಬೇಕು. ಹತ್ತಿ ಮ್ಯಾಲ ಕರೋಡಗೀರಿ ಸುಂಕ ತಗೋತೀರಿ. ಆ ಹತ್ತಿ ಬಿಡಿಸಿದ್ದು ನಾವು. ಅದರಾಗಿಂದು ಒಂದು ಮುಷ್ಟಿ ಸರ್ಕಾರ ಇಡ್ಲಿ, ಸಾವಕಾರ ಒಂದು ಮುಷ್ಟಿ ಇಡ್ಲಿ, ನಾವೂ ಒಂದು ಮುಷ್ಟಿ ಇಡ್ತೀವಿ. ಭಿಕ್ಷಾ ಬ್ಯಾಡ."

ಶೇವಂತಾಬಾಯಿ ಹಿಂದಿನಿಂದ ಕೂಗಿದಳು: "ಬಜಾರಿಗರ ಹೋಗಿ ನೋಡ್ರಿ ಸಾಹೇಬ್ರ! ನಮ್ಮ ಉಡಿ ಖಾಲಿ ಆಯ್ತಂತ ಉಪ್ಪು ಮಾರೋನು ನೊಣಾ ಹೊಡಕೋತ ಕೂತಾನ. ಎಣ್ಣಿಯಂವಾ ನಿದ್ದಿ ಹೊಡೀಲತ್ತಾನ. ನಮ್ಮ ಹೊಟ್ಟಿ ಸುಟ್ರ ಅವರದೂ ಸುಡ್ತದ!"

ತಹಸೀಲದಾರ ಬಜಾರದ ಕಡೆ ಕತ್ತು ತಿರುಗಿಸಿ ನೋಡಿದ. ನಿಜ ಎನ್ನಿಸಿರಬೇಕು. ಆಮೇಲೆ ಕೈ ಬೀಸಿದ. "ಜಾವ್, ಜಾವ್. ಇಂಥಾ ಕಾಯದಾ ಎಲ್ಲೂ ಕೇಳಿಲ್ಲ." ಪಾನದ ಡಬ್ಬಿ ತೆರೆದ. ಹೊತ್ತು ಇಳಿಯುವ ಮೊದಲೇ ಈ ಮಾತು ಸಾವಕಾರನಿಗೆ ಮುಟ್ಟಿತು. ಹೊಲಗೇರಿಯ ಹೆಂಗಸು ಸರ್ಕಾರಕ್ಕೆ ಕಾಯದೆ ಕಲಿಸಿದಳೆಂದು ಬಜಾರವೆಲ್ಲ ನಕ್ಕಿತು. ನಗುವುದಕ್ಕೆ ಅವರಿಗೆ ಪುರಸತ್ತು ಇತ್ತು. ಅಂಗಡಿಗೆ ಗಿರಾಕಿ ಇರಲಿಲ್ಲ.

ಕೇರಿಯಲ್ಲಿ ಹುಣಸೆಬೀಜ ಹುರಿದು ಕುಟ್ಟಿ ನುಂಗಿದರು. ಹೊಟ್ಟೆ ಕಲ್ಲಾಯಿತು. ಕೆಲವರು ನಿಲಂಗಾಕ್ಕೆ ಹೋಗಿ ಕೆಲಸ ಸಿಗದೆ ತಿರುಗಿ ಬಂದರು. ಬಂಡಮ್ಮನ ಅತ್ತೆ ಹಾಸಿಗೆ ಹಿಡಿದಳು. ಘಾಳೆಪ್ಪನನ್ನು ಕರೆಯುವುದನ್ನೂ ನಿಲ್ಲಿಸಿದಳು. ಆ ಸುಮ್ಮನಿರುವಿಕೆ ಬಂಡಮ್ಮನನ್ನು ಹೆದರಿಸಿತು.

ಆಗ ಮುನೀಮ ಬಂದ. ಕೇರಿಯ ಹೊರಗಿನ ಬೇವಿನ ಮರದ ಕೆಳಗೆ, ಮೂಗಿಗೆ ಉಪರಣಿ ಹಿಡಿದು ನಿಂತ.

"ಸಾವಕಾರ್ರಿಗಿ ಕರುಣಾ ಬಂದದ. ಜಿನ್ನು ತೆಗದ ಮ್ಯಾಲ ಅರ್ಧ ಕೂಲಿಗಿ ಬರ್ತೀವಿ ಅಂತ ಪಂಚರ ಮುಂದ ಮಾತು ಕೊಡೋರು ಕೊಡ್ರಿ. ಕೊಟ್ಟವ್ರಿಗಿ ಇವತ್ತೇ ಒಂದೊಂದು ಸೇರು ಜೋಳ."

ಶೇವಂತಾಬಾಯಿ ಒಂದು ಹೆಜ್ಜೆ ಮುಂದಿಟ್ಟಳು.

"ಅರ್ಧಾ ಅಂದ್ರ ಅರ್ಧಾನೇ ಬಂಡವ್ವಾ. ಇಲ್ಲದಕ್ಕಿಂತ..."

ಬಂಡಮ್ಮ ಅವಳ ರಟ್ಟೆ ಹಿಡಿದಳು. "ಇದಕ್ಕೇ ಅವರು ಹಗೇವು ತೆಗೀಲಿಲ್ಲ ಶೇವಂತಿ. ನಮ್ಮನ್ನ ಹಸಿವ್ಯಾಗ ಮೆತ್ತಗ ಮಾಡಿದ್ರು, ಈಗ ಮುರೀಲಿಕ್ಕ ಬಂದಾರ. ಇವತ್ತು ಹೂಂ ಅಂದ್ರ ನಿನ್ನ ಮೊಮ್ಮಕ್ಕಳೂ ಅರ್ಧ ಕೂಲಿಗೇ ಸಾಯಬೇಕು." ಆಮೇಲೆ ಮುನೀಮನ ಕಡೆ ತಿರುಗಿದಳು. "ಹೋಗ್ರಿ ಮುನೀಮ್ರ. ಇಲ್ಲಿ ಮೈಲಿಗಿ ಆಗ್ತದ."

ಶೇವಂತಾಬಾಯಿ ಅಳುತ್ತಲೇ ಹಿಂದೆ ಸರಿದಳು. ಉಳಿದವರೂ ಸರಿದರು. ಅವತ್ತು ಯಾರೂ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಸಾವಕಾರನೇ ಹೇಳಿ ಕಳಿಸಿದ: ಎಲ್ಲ ಹೆಂಗಸರೂ ಈಗಿಂದೀಗ ಜಿನ್ನಿಗೆ ಬರಬೇಕು.

ಆದದ್ದು ಇಷ್ಟು. ಇಂಜಿನ್ನಿನ ಹೌದು ಬಿರುಕು ಬಿಟ್ಟಿತ್ತು. ಡ್ರೈವರ ಇದ್ದಿದ್ದರೆ ಮೊದಲ ದಿನವೇ ಕಂಡು ಗಾರೆ ಮೆತ್ತುತ್ತಿದ್ದ. ಅವನನ್ನು ಬಿಡಿಸಿದ ಮೇಲೆ ಹೌದಿನ ಕಡೆ ಹಣಿಕಿ ನೋಡುವವರಿಲ್ಲ. ನೀರು ನೆಲದೊಳಗೆ ಹರಿದು ಪಕ್ಕದ ಹಗೇವಿಗೆ, ಹೆಂಗಸರ ಮುಷ್ಟಿಯ ಜೋಳ ಬಿದ್ದ ಹಗೇವಿಗೇ, ಇಳಿದಿತ್ತು. ಕಲ್ಲು ಸರಿಸಿದಾಗ ಒಳಗಿಂದ ಹುಳಿ ನಾತ ಬಂತು. ಒಂದು ಮಗ್ಗುಲ ಜೋಳ ಕೊಳೆಯುತ್ತಿತ್ತು. ಇವತ್ತೇ ಎತ್ತಿ ಒಣಗಿಸದಿದ್ದರೆ ಎಲ್ಲ ಗೊಬ್ಬರ.

"ಇಳೀ ಬಂಡಿ" ಎಂದ ಸಾವಕಾರ. "ನಿನ್ನ ಗಂಡನ ಕೆಲಸ. ಒಂದು ಬುಟ್ಟಿ ಜೋಳ ನಿನಗೇ."

ಬಂಡಮ್ಮ ಹಗೇವಿನ ಬಾಯಿಯನ್ನು ನೋಡಿದಳು. ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿದ ಗೆರೆ ಇತ್ತು. ಘಾಳೆಪ್ಪನ ಹಗ್ಗದ್ದು.

"ಇಳಿಯಂಗಿಲ್ಲ."

"ಎರಡು ಬುಟ್ಟಿ."

"ಹಗೇವೆಲ್ಲಾ ಕೊಟ್ರೂ ಇಳಿಯಂಗಿಲ್ಲ."

ಒಬ್ಬೊಬ್ಬರನ್ನೇ ಕೇಳಿದ. ಒಬ್ಬೊಬ್ಬರೂ ತಲೆ ಅಲ್ಲಾಡಿಸಿದರು. ಕೇರಿಯ ಗಂಡಸರಿಗೆ ಹೇಳಿ ಕಳಿಸಿದ, ಯಾರೂ ಬರಲಿಲ್ಲ. ಮುನೀಮನ ಕಡೆ ನೋಡಿದ.

"ನಾ ಹ್ಯಾಂಗ ಇಳೀಲಿರೀ? ಅದು ಹೊಲೇರ ಕೆಲಸಾ" ಎಂದ ವಿಶ್ವನಾಥಪ್ಪ. "ಮ್ಯಾಲ ನನಗ ಉಬ್ಬಸ ಬ್ಯಾರೆ."

ಸಾವಕಾರ ಕುದಿಯುತ್ತಿದ್ದ. ಒಂದು ಹಗೇವು ಜೋಳ ಕಣ್ಣೆದುರಿಗೇ ಕೊಳೆಯುತ್ತಿತ್ತು. ರುಮಾಲು ಬಿಚ್ಚಿ ಮುನೀಮನ ಕೈಗಿಟ್ಟ, ಧೋತರ ಕಚ್ಚೆ ಕಟ್ಟಿದ. "ಇಳಿಯೋದು ಏನು ದೊಡ್ಡ ವಿದ್ಯಾ? ನಿಮ್ಮಂಥಾ ದನಗೋಳು ಇಳೀತಾವ, ನಾ ಇಳಿಯಲಾರೆನೇನು? ಹಗ್ಗರ ಹಿಡೀರಿ. ಬುಟ್ಟಿ ಎಳೀರಿ."

"ಹಿಡೀತೀವಿ" ಎಂದಳು ಬಂಡಮ್ಮ.

ಆ ಕೈಗಳ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ಹುಟ್ಟಿದಾಗಿನಿಂದ ಆ ಕೈಗಳು ಅವನ ಭಾರ ಎತ್ತಿದ್ದವು. ಬೇಡ ಎಂದಾವು ಎಂಬುದೇ ಅವನ ತಲೆಗೆ ಹೊಳೆಯಲಿಲ್ಲ. ಹಗ್ಗವನ್ನು ಕಂಕುಳಿಗೆ ಸುತ್ತಿ ಗಂಟು ಹಾಕಿಕೊಂಡು ಅಂಚಿಗೆ ಬಂದ.

"ಸಾವಕಾರ್ರ, ಮೈಲಿಗಿ?" ಶೇವಂತಾಬಾಯಿ ಕೇಳಿದಳು.

"ಹಗ್ಗಕ್ಕ ಮೈಲಿಗಿ ಇಲ್ಲ, ಹಿಡಿಯೇ!"

ಬಂಡಮ್ಮನ ಕೈಯಲ್ಲಿ ಹಣತೆ ಇತ್ತು. ಇನ್ನೂ ಹಚ್ಚಿರಲಿಲ್ಲ. ಹುಳಿತ ಜೋಳ ಗಾಳಿಯನ್ನು ಬೇಗ ಕೊಲ್ಲುತ್ತದೆ. ಅದು ಅವಳಿಗೆ ಗೊತ್ತಿತ್ತು, ಸಾವಕಾರನಿಗೆ ಗೊತ್ತಿರಲಿಲ್ಲ. ಹಣತೆ ಕೆಳಗಿಟ್ಟು ಸುಮ್ಮನೆ ನಿಂತರೆ ಸಾಕಿತ್ತು. ಅವನು ಒಂದು ಸಲ ಕೂಗುತ್ತಿದ್ದ. ಹಗ್ಗ ಸಡಿಲವಾಗುತ್ತಿತ್ತು. ಯಾರೂ ಅವಳನ್ನು ಹಿಡಿಯಲಾಗುತ್ತಿರಲಿಲ್ಲ. ಆ ಆಸೆ ಅವಳ ಬಾಯಲ್ಲಿ ನೀರಿನಂತೆ ಬಂತು.

ನುಂಗಿದಳು. ಸತ್ತವನು ಏನನ್ನೂ ಹೊತ್ತುಕೊಡಲಾರ. ಇವನು ಬದುಕಿರಬೇಕು. ಬದುಕಿದ್ದು ಬಗ್ಗಬೇಕು.

"ತಡೀರಿ ಸಾವಕಾರ್ರ. ದೀಪ ಇಳಸ್ತೀನಿ."

"ಹೊತ್ತು ಹೋಗ್ತದ!"

"ಹೋಗ್ಲಿ."

ಹಣತೆ ಹಚ್ಚಿ ಇಳಿಸಿದಳು. ಆರಿತು. ಸಾವಕಾರನ ಮುಖ ಬಿಳಿಚಿತು. ಹೆಂಗಸರು ಕಂಬಳಿ ಬೀಸಿದರು, ಬೆವರು ಸುರಿಯುವವರೆಗೆ ಬೀಸಿದರು. ಮತ್ತೆ ಇಳಿಸಿದಳು. ಉರಿಯಿತು. ಹಣತೆಯನ್ನು ಅಲ್ಲೇ, ಅವನ ಕಣ್ಣಿಗೆ ಬೀಳುವಂತೆ, ತೂಗಬಿಟ್ಟಳು.

"ಈಗ ಇಳೀರಿ."

ಸಾವಕಾರ ಇಳಿದ. ಜೋಳದ ಮೇಲೆ ನಿಂತು, ಬೇರೆ ಹಗ್ಗಕ್ಕೆ ಕಟ್ಟಿದ ಬುಟ್ಟಿಗೆ ಒಣ ಜೋಳ ತುಂಬಿದ. ಬುಟ್ಟಿ ಮೇಲೆ ಬಂತು.

"ಮುನೀಮಾ, ಮಾಳಿಗಿ ಮ್ಯಾಲ ಹರವಸು!" ಕೆಳಗಿನಿಂದ ದನಿ ಬಂತು.

ಬಂಡಮ್ಮ ಬುಟ್ಟಿಯನ್ನು ಶೇವಂತಾಬಾಯಿಯ ಉಡಿಗೆ ಸುರಿದಳು.

ಮುನೀಮ ಬಾಯಿ ತೆರೆದ. ಶೇವಂತಾಬಾಯಿ ಮೊಂಡು ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಒಂದು ಹೆಜ್ಜಿ ಮುಂದ ಇಟ್ರ ಮುಟ್ತೀನಿ ನೋಡ್ರಿ. ಮೈಯೆಲ್ಲಾ ಮುಟ್ತೀನಿ." ಮುನೀಮ ಗೋಡೆಗೆ ಅಂಟಿ ನಿಂತ.

ಎರಡನೆಯ ಬುಟ್ಟಿ ಬಂತು. ಮತ್ತೊಬ್ಬಳ ಉಡಿ ತುಂಬಿತು. ಮತ್ತೊಂದು. ಮತ್ತೊಬ್ಬಳು. ಮೇಲೆ ನಗು ಕೇಳಿದಾಗ ಸಾವಕಾರನಿಗೆ ತಿಳಿಯಿತು.

"ಏ! ಏನು ಮಾಡ್ಲತ್ತೀರಿ? ಎಳೀರಿ ನನ್ನ! ಮ್ಯಾಲ ಎಳೀರಿ!"

ಬಂಡಮ್ಮ ಬಾಯಿಯ ಹತ್ತಿರ ಬಗ್ಗಿದಳು. "ಕೆಲಸ ಮುಗೀಲಿ ಸಾವಕಾರ್ರ."

"ಫೌಜದಾರನ್ನ ಕರಸ್ತೀನಿ! ಚಮಡಾ ಸುಲಿಸ್ತೀನಿ!"

"ಕರೀರಿ. ಕೂಗ್ರಿ. ನನ್ನ ಗಂಡನೂ ಅಲ್ಲೇ ನಿಂತು ಕೂಗಿದ್ದ. ಆಗ ನೀವು ಮ್ಯಾಲಿದ್ರಿ. ಕೇಳಿಸಿತ್ತೇನು?"

ಖಾಲಿ ಬುಟ್ಟಿಯನ್ನು ಮತ್ತೆ ಕೆಳಗೆ ಇಳಿಸಿದಳು.

"ತುಂಬ್ರಿ" ಎಂದಳು.

ಅವನು ತುಂಬಿದ. ಜೋಳ ಇಳಿದಂತೆ ಸಾವಕಾರನೂ ಇಳಿದ. ಬರಿಗೈಯಲ್ಲಿ ಬಾಚಿದ. ಉಗುರು ಕಿತ್ತಿತು. ಧೂಳು ಅವನ ಗಂಟಲಿಗೂ ಹೋಯಿತು, ಹತ್ತಿಯ ಎಳೆ ಹೆಂಗಸರ ಗಂಟಲಿಗೆ ಹೋದ ಹಾಗೆ. ನೀರು ಕೇಳಿದ. ಬಂಡಮ್ಮ ಬಾಯಿ ಕಲ್ಲಿನ ಮೇಲೆ ನಿಂತು ಕೊಡದಿಂದ ಸುರಿದಳು. "ಬೊಗಸಿ ಒಡ್ಡರಿ" ಎಂದಳು. ಅವನು ಒಡ್ಡಿದ. ಅವಳು ಸುರಿದ ನೀರನ್ನು ಕುಡಿದ.

"ಪೂರಾ ಕೂಲಿ ಕೊಡ್ತೀನಿ ಬಂಡವ್ವಾ" ಎಂದ. ಅವ್ವಾ ಎಂದು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಲಿಂಗದ ಆಣಿ..."

"ಆ ಆಣಿ ಮೊದಲೇ ತಿಂದೀರಿ. ತುಂಬ್ರಿ."

ಕೊನೆಯವಳ ಉಡಿ ತುಂಬಿತು. ಬಂಡಮ್ಮ ತನ್ನದನ್ನು ಕಟ್ಟಿಕೊಂಡಳು. ಕೆಳಗೆ ಕೊಳೆಯುವ ರಾಶಿ ಉಳಿಯಿತು, ಸಾವಕಾರನೂ ಉಳಿದ.

"ಹಿಡೀರಿ" ಎಂದಳು. ಹೆಂಗಸರೆಲ್ಲ ಹಗ್ಗಕ್ಕೆ ಕೈ ಹಾಕಿದರು. ಎಳೆದರು. ಸಾವಕಾರನ ಕಾಲು ಕೊಳೆತದಿಂದ ಬಿಟ್ಟಿತು. ದೀಪದ ಮಟ್ಟಕ್ಕೆ ಬಂದ, ದೀಪ ದಾಟಿದ, ಬಿಸಿಲು ಅವನ ನೆತ್ತಿಗೆ ಬಿತ್ತು. ಅಲ್ಲಿ ಬಂಡಮ್ಮ ಕೈ ಎತ್ತಿದಳು. ಹಗ್ಗವನ್ನು ಜಿನ್ನಿನ ಬಾಗಿಲ ಕಂಬಕ್ಕೆ ಸುತ್ತಿ ಬಿಗಿದು ಕಟ್ಟಿದರು.

"ಎಳೀರಿ! ಇನ್ನಾ ಅರ್ಧಾ ಅದ!" ಸಾವಕಾರ ಕಾಲು ಬಡಿದ.

"ಅರ್ಧ ಕೂಲಿ ಅಂದಿದ್ರಿ" ಎಂದಳು ಬಂಡಮ್ಮ. "ಅರ್ಧಾ ಎಳದೀವಿ."

ಮುನೀಮ ಹಗ್ಗ ಜಗ್ಗಿದ. ಅಲುಗಲಿಲ್ಲ. ಉಬ್ಬಸ ಕಿತ್ತುಕೊಂಡು ಬಂತು. "ಯಾರರ ಕೈ ಹಚ್ಚರೆವ್ವಾ! ಒಬ್ಬನ ಕೈಲೆ ಆಗಂಗಿಲ್ಲ!" ಎಂದು ಅವರ ಬೆನ್ನಿಗೆ ಅರಚಿದ. ಯಾರೂ ತಿರುಗಲಿಲ್ಲ. ಬಜಾರದ ಬೀದಿಯಲ್ಲಿ ಅವನು ಜನರನ್ನು ಕರೆಯುತ್ತ ಓಡುವುದು ಕಂಡಿತು. ಉಪ್ಪು ಮಾರುವವನು ಎದ್ದು ನಿಂತು ಕೇಳಿದ. ಮತ್ತೆ ಕೂತ.

ಬಂಡಮ್ಮನ ಒಲೆಯೇ ಮೊದಲು ಹೊತ್ತಿತು. ಮಗ್ಗುಲ ಮನೆಯವಳು ಕೆಂಡಕ್ಕೆ ಬಂದಳು, ಅವಳ ಮನೆಯಿಂದ ಮತ್ತೊಬ್ಬಳು ಒಯ್ದಳು. ನುಚ್ಚಿನ ಅಂಬಲಿ ಕುದಿಯಿತು. ಬಂಡಮ್ಮ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು. ಮುದುಕಿ ಒಂದು ಗುಟುಕು ನುಂಗಿ, ಕಣ್ಣು ತೆರೆದು, "ಘಾಳೆಪ್ಪಾ" ಎಂದಳು.

"ಹೂಂ" ಎಂದಳು ಬಂಡಮ್ಮ. "ಅಂವಂದೇ ಜೋಳ."

ಫೌಜದಾರ ಬರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಬರಲಿ. ಹಸಿದವರನ್ನು ಹೊಡೆದು ಅವರಿಗೆ ಅಭ್ಯಾಸ. ಈ ಸಲ ಉಂಡವರನ್ನು ಹೊಡೆದು ನೋಡಲಿ. ಅವಳು ಕುಡುಗೋಲನ್ನು ಬಾಗಿಲ ಹತ್ತಿರ ಇಟ್ಟು, ಇನ್ನೊಂದು ಬಟ್ಟಲು ಅಂಬಲಿ ಸುರಿದುಕೊಂಡಳು.